ಓದುಗರ ಪ್ರಶ್ನೆ: ದರಿಯಾ ದೌಲತ್ ಮತ್ತು ಅದರ ತೋಟ

ಪ್ರಶ್ನೆ: ನಮ್ಮದು ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬ. ರಜೆಗೆ ಊರಿಗೆ ಹೋದಾಗ ಮಗನಿಗೆ ಬೆಂಗಳೂರಿನ ಟಿಪ್ಪು ಅರಮನೆಯನ್ನೂ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನೂ ತೋರಿಸಿದೆವು. ಎರಡನ್ನೂ ‘ಬೇಸಿಗೆ ಅರಮನೆ’ ಎನ್ನುತ್ತಾರಲ್ಲ, ಯಾವುದು ಮೊದಲಿನದು? ದರಿಯಾ ದೌಲತ್ತಿನ ಸುತ್ತಲಿನ ಹುಲ್ಲುಹಾಸು ಟಿಪ್ಪುವಿನ ಕಾಲದ್ದೇ?
— ಓದುಗರೊಬ್ಬರು, ಪುಣೆ

ಉತ್ತರ: ಮೊದಲು ಮುಗಿದದ್ದು ಶ್ರೀರಂಗಪಟ್ಟಣದ್ದು. ಬೆಂಗಳೂರಿನ ಅರಮನೆಯನ್ನು 1781ರಲ್ಲಿ ಹೈದರಾಲಿ ಆರಂಭಿಸಿದನು; ಟಿಪ್ಪು ಅದನ್ನು 1791ರಲ್ಲಿ ಪೂರ್ಣಗೊಳಿಸಿದನು. ದರಿಯಾ ದೌಲತ್ ಈ ನಡುವೆ, 1784ರಲ್ಲಿ, ಕೋಟೆಯ ಹೊರಗೆ ಕಾವೇರಿಯ ಮಗ್ಗುಲಲ್ಲಿ ಸಿದ್ಧವಾಯಿತು. ‘ಬೇಸಿಗೆ ಅರಮನೆ’ ಎಂದೊಡನೆ ಗಿರಿಧಾಮದ ಬಂಗಲೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಎತ್ತರದ ಜಗಲಿಯ ಮೇಲೆ ನಾಲ್ಕೂ ಕಡೆ ತೇಗದ ಕಂಬಗಳ ಮೊಗಸಾಲೆ, ಅದರಾಚೆ ತೋಟ, ಪಕ್ಕದಲ್ಲಿ ನದಿ: ಅಲ್ಲಿನ ತಂಪೆಲ್ಲ ಇಷ್ಟರಿಂದಲೇ ಬಂದದ್ದು. ಇಂತಹ ಮರದ ಅರಮನೆ ಉಳಿದುಬಂದದ್ದರ ಬೆಲೆ ಪುಣೆಯವರಿಗೆ ಬೇಗ ತಿಳಿಯುತ್ತದೆ. ಅಲ್ಲಿ ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಯ ಮರದ ಮಹಲುಗಳು 1828ರ ಬೆಂಕಿಯಲ್ಲಿ ಸುಟ್ಟುಹೋಗಿ, ಈಗ ಅವುಗಳ ಕಲ್ಲಿನ ಪೀಠ ಮಾತ್ರ ಉಳಿದಿದೆ.

ನೀವು ಕಂಡ ಹುಲ್ಲುಹಾಸು ಮಾತ್ರ ಟಿಪ್ಪುವಿನ ಕಾಲದ್ದಲ್ಲ, ಆಮೇಲಿನವರ ಅಭಿರುಚಿ. ಆ ಕಾಲದ ತೋಟ ಹೇಗಿತ್ತೆಂಬುದನ್ನು ಶ್ರೀರಂಗಪಟ್ಟಣ ದ್ವೀಪದ ಪೂರ್ವ ತುದಿಯಲ್ಲಿದ್ದ ಲಾಲ್‌ಬಾಗ್ ಎಂಬ ತೋಟದಿಂದ ಊಹಿಸಬಹುದು. ಅಲ್ಲಿ ಸಾಲಾಗಿ ನಿಂತ ದೊಡ್ಡ ಸೈಪ್ರಸ್ ಮರಗಳ ನೆರಳಿನ ದಾರಿಗಳಿದ್ದವು; ಹಣ್ಣಿನ ಮರ, ಹೂವು, ತರಕಾರಿ ಎಲ್ಲವೂ ಒಟ್ಟಿಗೆ ಬೆಳೆಯುತ್ತಿದ್ದವು. 1792ರ ಮುತ್ತಿಗೆಯಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಆ ಮರಗಳನ್ನು ಕಡಿದು, ಕೊಂಬೆರೆಂಬೆಗಳಿಂದ ಮುತ್ತಿಗೆಯ ಅಡ್ಡಗಟ್ಟೆಗಳಿಗೆ ಬೇಕಾದ ಕಟ್ಟುಗಳನ್ನು ಹೆಣೆಯಿತು. ಲಾಲ್‌ಬಾಗಿನೊಳಗಿದ್ದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಕೋಟೆಯ ಗೋಡೆಗಿಂತ ಮೊದಲು ತೋಟ ಬಿದ್ದಿತೆಂದರೂ ಸರಿಯೇ. ಆ ಲಾಲ್‌ಬಾಗಿನಲ್ಲಿ ಇಂದು ಉಳಿದು ನಿಂತಿರುವುದು ಹೈದರ್ ಮತ್ತು ಟಿಪ್ಪುವಿನ ಗೋರಿಗಳಿರುವ ಗುಂಬಜ್.

ದರಿಯಾ ದೌಲತ್ ಉಳಿದದ್ದಕ್ಕೆ, 1799ರಲ್ಲಿ ಟಿಪ್ಪು ಮಡಿದ ನಂತರ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನೇ ತನ್ನ ವಸತಿ ಮಾಡಿಕೊಂಡದ್ದೂ ಒಂದು ಕಾರಣವಿರಬಹುದು. ಅದರ ಗೋಡೆಗಳ ಮೇಲಿನ ಮಾಸಿದ್ದ ಚಿತ್ರಗಳಿಗೆ ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬಣ್ಣ ಹಾಕಿಸಿದನು. ಆದ್ದರಿಂದ ಅಲ್ಲಿನ ಪ್ರತಿ ಗೆರೆಯೂ 1784ರದೆಂದು ನಂಬಬಾರದು. ಮೊಗಸಾಲೆಗೆ ಇಳಿಬಿಟ್ಟಿರುವ ಹಸಿರು ಪರದೆಗಳು ಆ ಬಣ್ಣವನ್ನು ಬಿಸಿಲಿನಿಂದ ಕಾಯಲೆಂದೇ ಇರುವುವು. ಪಶ್ಚಿಮದ ಗೋಡೆಯಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ಚಿತ್ರವಿದೆ: ಚೌಕಾಕಾರವಾಗಿ ನಿಂತ ಕೆಂಪಂಗಿಯ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ನಡುವೆ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿರುವ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಬೇಯ್ಲಿ. ಎಲ್ಲರೂ ಅಲ್ಲಿಯೇ ನಿಂತು ನೋಡಿ ಹೊರಡುತ್ತಾರೆ. ಮುಂದಿನ ಸಲ ಮಗನನ್ನು ಪೂರ್ವದ ಗೋಡೆಯ ಮುಂದೆಯೂ ನಿಲ್ಲಿಸಿರಿ. ಅಲ್ಲಿನ ದರ್ಬಾರು ಚಿತ್ರಗಳ ಸಾಲಿನಲ್ಲಿ ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿನಾಯಕರ ಜೊತೆಗೆ ನಿಮ್ಮ ಪುಣೆಯ ಬಾಳಾಜಿರಾವ್ ಪೇಶ್ವೆಯೂ ಇದ್ದಾನೆ.