ಸ್ಯಾಂಪ್ಲರ್ ಹಾಳಾಗಿಲ್ಲ, ನಾಬ್ ತಿರುಗಿಸುವ ಮೊದಲು ಎಲ್ಲಿದ್ದೀರಿ ನೋಡಿ

ಅಷ್ಟಮಿ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ನವರಾತ್ರಿ ಮುಗಿಯುವವರೆಗೂ ನಿಲ್ಲುವುದಿಲ್ಲ. ಹುಲಿವೇಷದ ಹಾಡು ಮಾಡುತ್ತಿದ್ದೇವೆ, ತಾಸೆ ರೆಕಾರ್ಡ್ ಮಾಡಿ ಸ್ಯಾಂಪ್ಲರ್‌ಗೆ (ರೆಕಾರ್ಡ್ ಮಾಡಿದ ಶಬ್ದವನ್ನು ಕೀ ಒತ್ತಿ ಬಾರಿಸುವ ಸಾಧನ) ಹಾಕಿದ್ದೇವೆ, ಈಗ ಏನೇನೋ ಆಗುತ್ತಿದೆ ಅಂತ. ಮಂಗಳೂರಿನ ಸಣ್ಣ ಸ್ಟುಡಿಯೋದಲ್ಲಿ ಕೂತು ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದೇನೆ. ಈ ಸಲ ಬರೆದೇ ಬಿಡುತ್ತೇನೆ. ಮಿಡಿ ಕೀಬೋರ್ಡ್ ಹೇಗೆ ಜೋಡಿಸುವುದು, ಸ್ಯಾಂಪಲ್ ಎಂದರೇನು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿದೆ ಅಂತಲೇ ಹಿಡಿದಿದ್ದೇನೆ.

ಪ್ರಶ್ನೆ: ನಮ್ಮ ಊರಿನ ಹುಲಿವೇಷ ತಂಡದ ತಾಸೆ, ಡೋಲಿನ ಪೆಟ್ಟುಗಳನ್ನು ರೆಕಾರ್ಡ್ ಮಾಡಿ ಕಾಂಟಾಕ್ಟ್ ಅನ್ನುವ ಸ್ಯಾಂಪ್ಲರ್ ಸಾಫ್ಟ್‌ವೇರ್‌ಗೆ ಹಾಕಿದ್ದೇನೆ. ತಾಸೆಯ ಒಂದು ಪೆಟ್ಟು ಜೋರಾಗಿದೆ ಅಂತ ವಾಲ್ಯೂಮ್ ಇಳಿಸಿದರೆ ಡೋಲೂ ಇಳಿಯುತ್ತದೆ. ಇನ್ನೊಮ್ಮೆ ಏನು ತಿರುಗಿಸಿದರೂ ಬದಲಾಗುವುದೇ ಇಲ್ಲ. ನಿನ್ನೆ ಅರ್ಧ ಸ್ಯಾಂಪಲ್ ಪರದೆಯಿಂದಲೇ ಮಾಯ. ಆದರೆ ಕೀ ಒತ್ತಿದರೆ ಶಬ್ದ ಬರುತ್ತದೆ. ಪರಿಚಯದವರೊಬ್ಬರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ ಅಂದರು. ಮಾಡಿಸಲೇ?
– ಮೂಡುಬಿದಿರೆಯ ಓದುಗರು

ಉತ್ತರ: ಮಾಡಿಸಬೇಡಿ. ಏನು ತೊಂದರೆ ಬಂದರೂ ಫಾರ್ಮ್ಯಾಟ್ ಅನ್ನುವವರ ಮಾತು ಕೇಳಿ ವರ್ಷಗಳ ಕೆಲಸ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ನಿಮ್ಮ ಸಾಫ್ಟ್‌ವೇರ್‌ಗೆ ಏನೂ ಆಗಿಲ್ಲ. ನೀವು ಹೇಳಿದ ಮೂರೂ ತೊಂದರೆಗೆ ಕಾರಣ ಒಂದೇ, ಎಲ್ಲಿದ್ದೀರಿ ಅಂತ ನೋಡದೆ ತಿರುಗಿಸುತ್ತಿದ್ದೀರಿ.

ಸ್ಯಾಂಪ್ಲರ್‌ನಲ್ಲಿ ಶಬ್ದ ಮೂರು ಮಟ್ಟದಲ್ಲಿ ಕೂತಿರುತ್ತದೆ. ಒಂದೊಂದು ರೆಕಾರ್ಡಿಂಗ್ ಯಾವ ಕೀಗೆ, ಎಷ್ಟು ಜೋರಿನ ಒತ್ತಿಗೆ ಅಂತ ಹೇಳುವುದು ಝೋನ್. ಹಲವು ಝೋನ್ ಸೇರಿದರೆ ಗ್ರೂಪ್. ಗ್ರೂಪುಗಳೆಲ್ಲ ಸೇರಿದ್ದು ಇನ್‌ಸ್ಟ್ರುಮೆಂಟ್. ನಿಮ್ಮ ಹುಲಿ ತಂಡವನ್ನೇ ನೆನಪಿಸಿಕೊಳ್ಳಿ. ತಾಸೆಯವರಲ್ಲಿ ಒಬ್ಬರಿಗೆ ಮೆಲ್ಲ ಬಾರಿಸಿ ಅನ್ನುವುದು ಬೇರೆ. ತಾಸೆಯವರಿಗೆಲ್ಲ ಹೇಳುವುದು ಬೇರೆ. ಇಡೀ ತಂಡವನ್ನೇ ಹತ್ತು ಹೆಜ್ಜೆ ಹಿಂದೆ ನಿಲ್ಲಿಸುವುದು ಇನ್ನೂ ಬೇರೆ. ಮೂರರಲ್ಲೂ ಶಬ್ದ ಇಳಿಯುತ್ತದೆ, ಅಲ್ವಾ? ಆದರೆ ಇಳಿಯುವುದು ಯಾರದ್ದು?

ಈಗ ಕಾಂಟಾಕ್ಟ್ ತೆರೆದು ಸ್ಪ್ಯಾನರ್ ಚಿತ್ರ ಒತ್ತಿ. ವಾಲ್ಯೂಮ್ ಎಷ್ಟು ಕಡೆ ಇದೆ ಎಣಿಸಿ. ಮ್ಯಾಪಿಂಗ್ ಎಡಿಟರ್‌ನ ಮೇಲಿನ ಸಾಲಿನಲ್ಲಿ ಝೋನಿನದು. ಆಂಪ್ಲಿಫೈಯರ್ ಭಾಗದಲ್ಲಿ ಗ್ರೂಪಿನದು. ಮೇಲ್ಗಡೆ ಹೆಸರಿನ ಪಕ್ಕದಲ್ಲಿ ಇನ್‌ಸ್ಟ್ರುಮೆಂಟಿನದು. ಔಟ್‌ಪುಟ್ ಭಾಗದ ಫೇಡರ್ ನಾಲ್ಕನೆಯದು. ಟ್ಯೂನ್ ಕೂಡ ಹೀಗೆಯೇ ಮೂರು ಕಡೆ ಇದೆ. ನೀವು ಒಂದು ಪೆಟ್ಟು ಇಳಿಸಲು ಹೋಗಿ ಆಂಪ್ಲಿಫೈಯರ್ ನಾಬ್ ಹಿಡಿದಿದ್ದೀರಿ. ಅದು ಗ್ರೂಪಿನದು. ಪೆಟ್ಟನ್ನು ಇಳಿಸಬೇಕಾದರೆ ಮ್ಯಾಪಿಂಗ್ ಎಡಿಟರ್‌ನಲ್ಲಿ ಆ ಝೋನನ್ನು ಆರಿಸಿ, ಅಲ್ಲಿನ ವಾಲ್ಯೂಮ್ ಸಂಖ್ಯೆಯನ್ನೇ ಇಳಿಸಬೇಕು.

ಹಾಗಾದರೆ ಡೋಲು ಯಾಕೆ ಇಳಿಯಿತು? ಒಂದೋ ತಾಸೆ, ಡೋಲು ಎರಡನ್ನೂ ಒಂದೇ ಗ್ರೂಪಿನಲ್ಲಿ ಹಾಕಿದ್ದೀರಿ. ಇಲ್ಲವಾದರೆ ಗ್ರೂಪ್ ಎಡಿಟರ್‌ನ "ಎಡಿಟ್ ಆಲ್ ಗ್ರೂಪ್ಸ್" ಬಟನ್ ಆನ್ ಇದೆ. ಅದು ಆನ್ ಇದ್ದರೆ ನೀವು ಒಂದು ಗ್ರೂಪಿಗೆ ಮಾಡಿದ್ದು ಎಲ್ಲ ಗ್ರೂಪಿಗೂ ಆಗುತ್ತದೆ. ಆಫ್ ಇದ್ದರೂ ಇನ್ನೊಂದು ಮಾತಿದೆ. ಗ್ರೂಪಿನ ಹೆಸರಿನ ಪಕ್ಕದ ಸಣ್ಣ ಚೌಕದಲ್ಲಿ ಗುರುತು ಇರುವ ಗ್ರೂಪ್ ಮಾತ್ರ ಬದಲಾಗುತ್ತದೆ. ನೀವು ಬಾರಿಸುತ್ತಿರುವುದು ತಾಸೆ, ಗುರುತು ಇರುವುದು ಡೋಲಿಗೆ ಅಂತಾದರೆ ಎಷ್ಟು ತಿರುಗಿಸಿದರೂ ತಾಸೆ ಬದಲಾಗುವುದಿಲ್ಲ. ನಿಮ್ಮ ಎರಡನೇ ತೊಂದರೆ ಇದು. ಸ್ಯಾಂಪಲ್ ಮಾಯವಾದದ್ದು ಮ್ಯಾಪಿಂಗ್ ಎಡಿಟರ್‌ನ "ಸೆಲೆಕ್ಟೆಡ್ ಗ್ರೂಪ್ಸ್ ಓನ್ಲಿ" ಬಟನ್‌ನಿಂದ. ಆರಿಸಿದ ಗ್ರೂಪನ್ನು ಬಿಟ್ಟು ಉಳಿದದ್ದನ್ನು ಅದು ತೋರಿಸುವುದಿಲ್ಲ. ಕಾಣುವುದಿಲ್ಲ ಅಷ್ಟೇ, ಹೋಗಿಲ್ಲ. ಅದಕ್ಕೇ ಶಬ್ದ ಬರುತ್ತಿದೆ.

ಹಳಬರಿಗೆ ಈ ಗೊಂದಲ ಕಡಿಮೆ ಇತ್ತು. 1986ರ ಅಕಾಯ್ ಎಸ್900, 1988ರ ಎಸ್1000 ಇಂಥ ಸ್ಯಾಂಪ್ಲರ್ ಪೆಟ್ಟಿಗೆಗಳಲ್ಲಿ ಸಣ್ಣ ಪರದೆ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ. ಬಟನ್ ಒತ್ತಿ ಅಲ್ಲಿಗೆ ಹೋಗಬೇಕು. ನಿಧಾನ ಹೌದು, ಆದರೆ ಎಲ್ಲಿದ್ದೇವೆ ಅಂತ ಗೊತ್ತಾಗುತ್ತಿತ್ತು. ಕಂಪ್ಯೂಟರಿಗೆ ಬಂದ ಮೇಲೆ ಆ ಪುಟಗಳೆಲ್ಲ ಒಂದೇ ಕಿಟಕಿಯಲ್ಲಿ ಒಂದರ ಕೆಳಗೊಂದು ಕೂತವು. 2002ರಲ್ಲಿ ಬಂದ ಕಾಂಟಾಕ್ಟ್ ಮಾತ್ರವಲ್ಲ, ಸ್ಯಾಂಪ್ಲರ್ ಯಾವುದಾದರೂ ಈ ಕಷ್ಟ ಸ್ವಲ್ಪವಾದರೂ ಇದ್ದೇ ಇದೆ. ಹಾಗಾಗಿ "ಬೇರೆ ಸ್ಯಾಂಪ್ಲರ್ ಹಾಕಲೇ" ಅಂತ ಮುಂದಿನ ಪ್ರಶ್ನೆ ಕಳಿಸಬೇಡಿ.

ನಾನು ಮಾಡುವುದು ಹೀಗೆ. ಯಾವ ನಾಬ್ ಹಿಡಿದಿದ್ದೇನೆ ಅಂತ ಅನುಮಾನ ಬಂದರೆ ಅದನ್ನು ಪೂರ್ತಿ ಕೆಳಗೆ ಇಳಿಸುತ್ತೇನೆ. ಎಲ್ಲ ಕೀಗಳನ್ನೂ ಒಮ್ಮೆ ಬಾರಿಸುತ್ತೇನೆ. ಯಾವುದು ಸುಮ್ಮನಾಯಿತೋ ಆ ನಾಬ್ ಅದರದ್ದು. ಆಮೇಲೆ ಅನ್‌ಡೂ. ಅರ್ಧ ನಿಮಿಷದ ಕೆಲಸ. ಯಾವ ಪುಸ್ತಕ ಓದಿದರೂ ಇಷ್ಟು ಬೇಗ ಗೊತ್ತಾಗುವುದಿಲ್ಲ.

ತಾಸೆ, ಡೋಲು ಬೇರೆ ಬೇರೆ ಗ್ರೂಪ್ ಮಾಡಿ, ಗ್ರೂಪಿಗೆ ಹೆಸರು ಇಡಿ. "ಗ್ರೂಪ್ 1", "ಗ್ರೂಪ್ 2" ಅಂತಲೇ ಬಿಟ್ಟರೆ ನಾಳೆ ನಿಮಗೇ ನೆನಪಿರುವುದಿಲ್ಲ. ಸೋರ್ಸ್ ಭಾಗದಲ್ಲಿ "ಟ್ರ್ಯಾಕಿಂಗ್" ಆಫ್ ಮಾಡಿ. ಆಗ ಯಾವ ಕೀಯಲ್ಲಿ ಹಾಕಿದರೂ ತಾಸೆ ತನ್ನ ಸ್ವರದಲ್ಲೇ ಕೇಳುತ್ತದೆ. ಇಲ್ಲದಿದ್ದರೆ ಮೂಲ ಕೀಗಿಂತ ಮೇಲೆ ಹೋದಂತೆ ಚೀರುತ್ತದೆ, ಕೆಳಗೆ ಬಂದಂತೆ ಎಳೆಯುತ್ತದೆ. ಒಂದು ಪೆಟ್ಟನ್ನು ನಾಲ್ಕು ಸಲ ಬಾರಿಸಿ ರೆಕಾರ್ಡ್ ಮಾಡಿದ್ದರೆ ನಾಲ್ಕನ್ನೂ ಇಟ್ಟುಕೊಳ್ಳಿ. ನಾಲ್ಕು ಗ್ರೂಪ್ ಮಾಡಿ, ಗ್ರೂಪ್ ಸ್ಟಾರ್ಟ್ ಆಪ್ಷನ್ಸ್‌ನಲ್ಲಿ ರೌಂಡ್ ರಾಬಿನ್ ಕೊಡಿ. ಸರದಿಯಂತೆ ಒಂದೊಂದೇ ಬರುತ್ತದೆ. ಒಂದೇ ಪೆಟ್ಟು ಟಕಟಕ ಅಂತ ಯಂತ್ರದ ಹಾಗೆ ಕೇಳುವುದು ತಪ್ಪುತ್ತದೆ. ಹುಲಿವೇಷದ ತಾಸೆಗೆ ಇದು ಬೇಕೇ ಬೇಕು. ಆ ಓಟದಲ್ಲಿ ಎರಡು ಪೆಟ್ಟು ಎಂದೂ ಒಂದೇ ಥರ ಬೀಳುವುದಿಲ್ಲ.

ಇನ್ನೊಂದು ಮಾತು ಬಿಡಲಾರೆ. ಎಡಿಟ್ ಆಲ್ ಗ್ರೂಪ್ಸ್ ಆನ್ ಇದ್ದದ್ದನ್ನು ನೋಡದೆ ನಾನೊಮ್ಮೆ ಚೆಂಡೆಯ ಒಂದು ಗ್ರೂಪ್ ತಿದ್ದಿ, ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿಬಿಟ್ಟೆ. ಮೂರು ವಾರದ ಕೆಲಸ ಒಂದು ಕ್ಲಿಕ್ಕಿಗೆ ಹೋಯಿತು. ಅಂದಿನಿಂದ ಹೊಸ ಸಂಖ್ಯೆ ಕೊಟ್ಟು ಸೇವ್ ಮಾಡದೆ ಒಂದು ನಾಬನ್ನೂ ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ಪ್ರಶ್ನೆ: ಉಚಿತ ಕಾಂಟಾಕ್ಟ್ ಪ್ಲೇಯರ್ ಹಾಕಿದ್ದೇನೆ. ಸ್ವಲ್ಪ ಹೊತ್ತು ಬಾರಿಸಿದ ಮೇಲೆ ಶಬ್ದ ನಿಲ್ಲುತ್ತದೆ. ಅಂಗಡಿಯವರು ರ‍್ಯಾಮ್ ಸಾಲದು ಅನ್ನುತ್ತಾರೆ.
– ಕುಂದಾಪುರ

ಉತ್ತರ: ಗಡಿಯಾರ ಇಟ್ಟು ನೋಡಿ, ಸರಿಯಾಗಿ 15 ನಿಮಿಷಕ್ಕೆ ನಿಲ್ಲುತ್ತಿರುತ್ತದೆ. ಪ್ಲೇಯರ್‌ಗೆ ಅಂತ ತಯಾರಾಗದ ಲೈಬ್ರರಿ (ಸ್ಯಾಂಪಲ್‌ಗಳ ಸಂಗ್ರಹ) ಅದರಲ್ಲಿ ಅಷ್ಟೇ ಹೊತ್ತು ನಡೆಯುವುದು. ಪೂರ್ತಿ ಕಾಂಟಾಕ್ಟ್ ಬೇಕು, ರ‍್ಯಾಮ್ ಅಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನದೆ ರ‍್ಯಾಮ್ ಮಾರುವುದು ತಪ್ಪು.

ಪ್ರಶ್ನೆ: ಫೋಲ್ಡರ್ ಬೇರೆ ಡ್ರೈವ್‌ಗೆ ಹಾಕಿದ ಮೇಲೆ "ಸ್ಯಾಂಪಲ್ಸ್ ಮಿಸ್ಸಿಂಗ್" ಬರುತ್ತಿದೆ.
– ಸುರತ್ಕಲ್

ಉತ್ತರ: ಕಾಂಟಾಕ್ಟ್‌ನಲ್ಲಿ ಇನ್‌ಸ್ಟ್ರುಮೆಂಟ್ ಸೇವ್ ಆಗುವ ಎನ್‌ಕೆಐ ಫೈಲಿನಲ್ಲಿ ಸಾಮಾನ್ಯವಾಗಿ ಶಬ್ದ ಇರುವುದಿಲ್ಲ, ಶಬ್ದ ಎಲ್ಲಿದೆ ಅನ್ನುವ ದಾರಿ ಮಾತ್ರ ಇರುತ್ತದೆ. ಹೊಸ ಫೋಲ್ಡರ್ ತೋರಿಸಿ, ಮತ್ತೆ ಸೇವ್ ಮಾಡಿ. ಮುಂದೆ ಬೇರೆಯವರಿಗೆ ಕೊಡುವಾಗ "ಪ್ಯಾಚ್ + ಸ್ಯಾಂಪಲ್ಸ್" ಆಯ್ಕೆಯಲ್ಲಿ ಸೇವ್ ಮಾಡಿ.

ಪ್ರಶ್ನೆ: ಲೈಬ್ರರಿಯಲ್ಲಿ ಸಿ3 ಅಂತ ಬರೆದಿದೆ. ನಾನು ಸಿ3 ಒತ್ತಿದರೆ ಶಬ್ದವೇ ಇಲ್ಲ.
– ಮಣಿಪಾಲ

ಉತ್ತರ: ಮಿಡಿಯಲ್ಲಿ ಪ್ರತಿ ಕೀಗೂ ಒಂದು ಸಂಖ್ಯೆ ಇದೆ. ಅದರ 60ನೇ ಸ್ವರವನ್ನು ಕಾಂಟಾಕ್ಟ್ ಸಿ3 ಅನ್ನುತ್ತದೆ, ಕೆಲವರು ಸಿ4 ಅನ್ನುತ್ತಾರೆ, ಎಫ್‌ಎಲ್ ಸ್ಟುಡಿಯೋ ಸಾಫ್ಟ್‌ವೇರ್ ಸಿ5 ಅನ್ನುತ್ತದೆ. ಹೆಸರು ಬಿಡಿ, ಸಂಖ್ಯೆ ನೋಡಿ.

ಪ್ರಶ್ನೆ: ಗೆಳೆಯರ ಪೆನ್‌ಡ್ರೈವ್‌ನಿಂದ ಹಾಕಿದ ಕ್ರ್ಯಾಕ್ ಆವೃತ್ತಿ ತೆರೆಯುತ್ತಿಲ್ಲ.
– ಊರು ಬರೆದಿಲ್ಲ

ಉತ್ತರ: ಅದಕ್ಕೆ ನಾನು ಸಹಾಯ ಮಾಡುವುದಿಲ್ಲ. ದುಡ್ಡಿಲ್ಲದಿದ್ದರೆ ಡಿಸೆಂಟ್ ಸ್ಯಾಂಪ್ಲರ್, ಸ್ಫೋರ್ಜಾಂಡೋ ಅನ್ನುವ ಸ್ಯಾಂಪ್ಲರ್‌ಗಳು ಉಚಿತವಾಗಿಯೇ ಸಿಗುತ್ತವೆ.

ಪ್ರಶ್ನೆ: ಕೋಣೆಗೆ ಮೊಟ್ಟೆ ಟ್ರೇ ಅಂಟಿಸಿದ್ದೇನೆ. ಆದರೂ ತಾಸೆ ಸ್ಯಾಂಪಲ್‌ನಲ್ಲಿ ಮಳೆ ಶಬ್ದ ಕೇಳುತ್ತದೆ.
– ಕಾಪು

ಉತ್ತರ: ಮೊಟ್ಟೆ ಟ್ರೇ ಹೊರಗಿನ ಶಬ್ದ ತಡೆಯುವುದಿಲ್ಲ. ಕಿತ್ತು ಹಾಕಿ. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ರೆಕಾರ್ಡ್ ಮಾಡಲೇಬೇಡಿ. ಮಳೆಗಾಲದಲ್ಲಿ ತೊಗಲು ತಂಪಾಗಿ ತಾಸೆಯ ಸ್ವರವೂ ಇಳಿದಿರುತ್ತದೆ. ಬಿಸಿಲು ಬಂದ ದಿನ, ಮಧ್ಯಾಹ್ನ, ಫ್ಯಾನ್ ಆಫ್ ಮಾಡಿ ಬಾರಿಸಿ.