ಸಂಘದ ಕೆಲಸ ಸುದ್ದಿಯಾಗಬೇಕಾದರೆ

ಪ್ರಶ್ನೆ: ನಮ್ಮ ಯುವಕ ಸಂಘವು ಕೆರೆಯ ಹೂಳೆತ್ತುವುದು, ರಕ್ತದಾನ ಶಿಬಿರ, ಕ್ರೀಡಾಕೂಟ ಮುಂತಾದವನ್ನು ನಡೆಸುತ್ತಿದೆ. ಪ್ರತಿ ಬಾರಿ ಆಹ್ವಾನ ಪತ್ರಿಕೆ ಕಳುಹಿಸಿದರೂ ಪತ್ರಿಕೆಗಳಲ್ಲಿ ಸುದ್ದಿ ಬರುವುದು ಅಪರೂಪ. ಬಂದರೂ ಅತಿಥಿಗಳ ಹೆಸರಷ್ಟೇ ಇರುತ್ತದೆ. ಏನು ಮಾಡಬೇಕು?
– ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆಹ್ವಾನ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಹೆಸರುಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲವಾದ್ದರಿಂದ, ಅದನ್ನಷ್ಟೇ ಕೈಯಲ್ಲಿ ಹಿಡಿದ ವರದಿಗಾರರು ಆ ಹೆಸರುಗಳನ್ನೇ ಬರೆಯಬೇಕಾಗುತ್ತದೆ. ಜೊತೆಗೆ ಒಂದು ಪುಟ ಮೀರದ ಪತ್ರಿಕಾ ಪ್ರಕಟಣೆಯನ್ನು ಕೊಡಿ. ಕೆರೆ ಯಾವುದು, ಎಷ್ಟು ವರ್ಷಗಳಿಂದ ಹೂಳು ತುಂಬಿದೆ, ಅದರ ನೀರನ್ನು ನೆಚ್ಚಿಕೊಂಡ ಗದ್ದೆಗಳೆಷ್ಟು, ಕೆಲಸಕ್ಕೆ ಇಳಿದವರು ಯಾರು, ಖರ್ಚು ಎಲ್ಲಿಂದ ಬಂತು ಎಂಬುದು ಮೊದಲ ಕೆಲವು ಸಾಲುಗಳಲ್ಲೇ ಇರಲಿ. ಸುದ್ದಿ ಇರುವುದು ಅಲ್ಲಿ. ನಿಮ್ಮ ಹುಡುಗರ ಶ್ರಮಕ್ಕೆ ನ್ಯಾಯ ಸಿಗುವುದೂ ಅಲ್ಲಿಯೇ. ಅತಿಥಿಗಳ ಹೆಸರು ಕೊನೆಗೆ ಬಂದರೆ ಸಾಕು.

ತಾಲ್ಲೂಕು ವರದಿಗಾರರಲ್ಲಿ ಅನೇಕರು ಅರೆಕಾಲಿಕರು, ಜೀವನಕ್ಕೆ ಬೇರೆ ವೃತ್ತಿಯನ್ನೂ ಅವಲಂಬಿಸಿದವರು; ಇಡೀ ತಾಲ್ಲೂಕನ್ನು ಒಬ್ಬರೇ ನೋಡಿಕೊಳ್ಳುವಾಗ ಎಲ್ಲ ಕಾರ್ಯಕ್ರಮಗಳಿಗೆ ಬರಲಾರರು. ಕಾರ್ಯಕ್ರಮವಿಲ್ಲದ ದಿನ ಅವರನ್ನು ಕಂಡು ಪರಿಚಯ ಮಾಡಿಕೊಳ್ಳಿ. ಸುದ್ದಿ ಎಷ್ಟು ಗಂಟೆಯೊಳಗೆ ತಲುಪಬೇಕೆಂದು ಕೇಳಿಕೊಳ್ಳಿ. ಜಿಲ್ಲಾ ಪುಟಗಳ ಕೆಲಸ ಬೇಗ ಮುಗಿಯುವುದರಿಂದ, ಸಂಜೆ ಸಭೆಯಿದ್ದರೂ ಬೆಳಗಿನ ಕೆಲಸದ ವಿವರವನ್ನು ಮಧ್ಯಾಹ್ನದೊಳಗೇ ಕಳುಹಿಸುವುದು ಒಳ್ಳೆಯದು. ‘ಇಂದಿನ ಕಾರ್ಯಕ್ರಮ’ದಂಥ ಅಂಕಣಗಳಿಗೆ ಎರಡು ಮೂರು ದಿನ ಮೊದಲೇ ಮಾಹಿತಿ ತಲುಪಬೇಕು.

ದೀಪ ಬೆಳಗಿಸುವ ಚಿತ್ರಕ್ಕಿಂತ ಹೂಳೆತ್ತುವವರ ಚಿತ್ರವನ್ನೇ ಆರಿಸಿ. ವಾಟ್ಸ್‌ಆ್ಯಪ್‌ನಲ್ಲಾದರೆ ಗುಣಮಟ್ಟ ಕುಂದದಂತೆ ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ. ಮಕ್ಕಳಿದ್ದರೆ ಪೋಷಕರ ಒಪ್ಪಿಗೆ ಪಡೆಯಿರಿ. ಬರಹವನ್ನು ಯೂನಿಕೋಡ್‌ನಲ್ಲಿ (ಯಾವುದೇ ಕಂಪ್ಯೂಟರ್, ಮೊಬೈಲ್‌ನಲ್ಲಿ ಓದಬಲ್ಲ ಅಕ್ಷರ ವ್ಯವಸ್ಥೆಯಲ್ಲಿ) ಬೆರಳಚ್ಚು ಮಾಡಿ, ಹೆಸರು, ಊರುಗಳ ಕಾಗುಣಿತವನ್ನು ಇನ್ನೊಬ್ಬರಿಂದ ಓದಿಸಿ, ಕರೆ ಮಾಡಿದರೆ ಉತ್ತರಿಸಬಲ್ಲ ಒಬ್ಬರ ದೂರವಾಣಿ ಸಂಖ್ಯೆಯನ್ನು ಕೊಡಿ.

ಸುದ್ದಿಗಾಗಿ ಯಾರಿಗೂ ಹಣ ಕೊಡಬೇಡಿ. ಜಾಹೀರಾತು ಕೊಡುವುದಿದ್ದರೆ ಪತ್ರಿಕೆಯ ಜಾಹೀರಾತು ವಿಭಾಗಕ್ಕೆ ಕೊಟ್ಟು ರಸೀದಿ ಪಡೆಯಿರಿ. ಮಳೆಗಾಲದಲ್ಲಿ ಕೆರೆಗೆ ನೀರು ಬಂದಾಗ ಅದನ್ನೂ ತಿಳಿಸಿ. ಹೂಳೆತ್ತಿದ ದಿನದ ವರದಿಗಿಂತ ಅದಕ್ಕೆ ಹೆಚ್ಚು ಜಾಗ ಸಿಕ್ಕರೂ ಸಿಗಬಹುದು. ನಿಮ್ಮ ಜಿಲ್ಲೆಯಲ್ಲೇ ಇರುವ ಆಕಾಶವಾಣಿ ಭದ್ರಾವತಿ ಕೇಂದ್ರಕ್ಕೂ ಆ ವಿವರಗಳನ್ನು ಬರೆದು ಕಳುಹಿಸಿ.