ಹಾಡು ನಡುವೆ ನಿಲ್ಲುವುದು: ಮೊದಲು ಹಾರ್ಡ್ ಡಿಸ್ಕ್ ಕಡೆ ನೋಡಿ

ನಮಸ್ಕಾರ. ನಿಮ್ಮ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕೇಬಲ್ ಹಾಕಿದಾಗ ಹಾಡುಗಳು ಸರಾಗವಾಗಿ ಬರುತ್ತವೆ, ವೈಫೈನಲ್ಲಿ ಮಾತ್ರ ಆಗಾಗ ನಿಲ್ಲುತ್ತವೆ, ಹಾಡುಗಳಿರುವ ಹಾರ್ಡ್ ಡಿಸ್ಕ್ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಯಲ್ಲಿದೆ ಎಂದು ಬರೆದಿದ್ದೀರಿ. ಇಂಟರ್ನೆಟ್ ವೇಗವನ್ನು ಹೆಚ್ಚಿಸಿಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಸಿಡಿ ಗುಣಮಟ್ಟದ ಸಂಗೀತಕ್ಕೆ, ಅದನ್ನು ಕುಗ್ಗಿಸದೆ ಕಳುಹಿಸಿದರೂ, ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಸಾಕು.

ನನ್ನ ಅನುಮಾನ ಆ ನೀಲಿ ಕಿಂಡಿಯ ಮೇಲೆಯೇ ಇದೆ, ಅದು ಯುಎಸ್‌ಬಿ 3.0 ಕಿಂಡಿ. ಯುಎಸ್‌ಬಿ 3.0 ಸಾಧನಗಳೂ ಅವುಗಳ ಕೇಬಲ್‌ಗಳೂ ಕೆಲಸ ಮಾಡುವಾಗ, ವೈಫೈ ಕೂಡ ಬಳಸುವ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲವನ್ನು ಹೊರಸೂಸುತ್ತವೆ, ಮತ್ತು ಪೈಯ ಆಂಟೆನಾ ಅದೇ ಪುಟ್ಟ ಬೋರ್ಡಿನ ಮೇಲೆ ಇರುವುದರಿಂದ ರೂಟರಿನ ಸಂಕೇತ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಡಿಸ್ಕನ್ನು ಕಪ್ಪು ಬಣ್ಣದ ಯುಎಸ್‌ಬಿ 2 ಕಿಂಡಿಗೆ ಬದಲಾಯಿಸಿ ನೋಡಿ. ಸಂಗೀತಕ್ಕೆ ಆ ವೇಗ ಧಾರಾಳವಾಯಿತು. ಸುಧಾರಿಸಿದರೆ ಕಾರಣ ಸಿಕ್ಕಂತೆಯೇ. ಪೈ 4 ವೈಫೈನ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡೂ ಬ್ಯಾಂಡುಗಳನ್ನು ಬಲ್ಲದು, ಆದ್ದರಿಂದ ರೂಟರ್ ಹತ್ತಿರವೇ ಇದ್ದರೆ 5 ಗಿಗಾಹರ್ಟ್ಸ್‌ಗೆ ಹೋಗುವುದು ಇನ್ನೂ ಒಳ್ಳೆಯದು. ಆದರೆ ಅದಕ್ಕೆ ಮೊದಲು ವೈಫೈ ಸೆಟ್ಟಿಂಗ್‌ನಲ್ಲಿ ದೇಶವನ್ನು ಸರಿಯಾಗಿ ಆರಿಸಿರಬೇಕು, ಇಲ್ಲವಾದರೆ ಕೆಲವು ಚಾನೆಲ್‌ಗಳು ಕಾಣಿಸುವುದೇ ಇಲ್ಲ.

ಪೂರ್ತಿ ಲೋಹದ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅದನ್ನು ತೆಗೆದು ಪರೀಕ್ಷಿಸಿ. (ನೋಡಲು ಚೆಂದವಿರುವ ಪೆಟ್ಟಿಗೆಗಳೇ ಹೆಚ್ಚಾಗಿ ಸಂಕೇತವನ್ನು ತಡೆಯುತ್ತವೆ.) ಇಷ್ಟಾದ ಮೇಲೂ, ಸ್ವಲ್ಪ ಹೊತ್ತು ಸುಮ್ಮನಿದ್ದ ನಂತರವೇ ಸಂಪರ್ಕ ತಪ್ಪುತ್ತಿದ್ದರೆ ವೈಫೈನ ಪವರ್ ಸೇವ್ ಆಯ್ಕೆಯನ್ನು ಆಫ್ ಮಾಡಿ, ರೀಬೂಟ್ ಆದ ಮೇಲೂ ಅದು ಆಫ್ ಆಗಿಯೇ ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಡಿಸ್ಕ್ ಪೈಯಿಂದಲೇ ವಿದ್ಯುತ್ ಪಡೆಯುತ್ತಿದ್ದರೆ ಅಡಾಪ್ಟರ್ 5.1 ವೋಲ್ಟ್, 3 ಆಂಪಿಯರ್‌ನದಾಗಿರಲಿ. ಫೋನಿನ ಹಳೆಯ ಚಾರ್ಜರ್ ಬೇಡ.